ನಾಲ್ಕು ಸ್ಪೀಕರು, ಒಂದು ಮಂಡಕ್ಕಿ ಕಾರು

ಒಂದು ಒಗಟು. ಬಾಯಿ ನಾಲ್ಕು ಐತೆ, ಹಲ್ಲು ಒಂದೂ ಇಲ್ಲ. ಸೋಮವಾರ ಹೊಸ್ತಿಲು ದಾಟಲ್ಲ. ಓಡುವಾಗ ಮೂಕ, ನಿಂತರೆ ಗಾಯಕ. ಹಣೆಗೆ ವಿಭೂತಿ, ಬೆನ್ನಿಗೆ ಮಂಡಕ್ಕಿ. ಏನದು, ಹೇಳ್ರಿ ನೋಡೋಣ.

ಆಗಲ್ಲ ಬಿಡ್ರಿ. ದಾವಣಗೆರೆ ಪೂರ್ತಿ ಅಲೆದರೂ ಇದಕ್ಕೆ ಉತ್ತರ ಹೇಳೋರು ನಮ್ಮ ಮನೆಯವರು ಬಿಟ್ಟರೆ ಇನ್ನೊಬ್ಬರು ಸಿಗಲ್ಲ. ಅದು ನಮ್ಮ ಕಾರು. ನಾನು ಕೈಯಾರೆ ಸ್ಪೀಕರ್ ಕೂರಿಸಿದ ಕಾರು. ಬೇರೆಯವರು ಸ್ಪೀಕರ್ ಹಾಕಿದರೆ ಹಾಡು ಬರುತ್ತೆ, ಕಥೆ ಅಲ್ಲಿಗೆ ಮುಗಿಯುತ್ತೆ. ನಾನು ಸ್ಕ್ರೂಡ್ರೈವರ್ ಮುಟ್ಟಿದರೆ ಮಾತ್ರ ಏನಾದರೊಂದು ಆಗಿಯೇ ಆಗುತ್ತೆ. ಯಾಕ ಹಿಂಗೆ ಅಂತ ಕೇಳೋದನ್ನ ನಮ್ಮ ಅವ್ವ ಎಂದೋ ಬಿಟ್ಟಿದ್ದಾಳೆ.

ಮೊದಲು ಇದು ಯಾಕೆ ಶುರುವಾಯ್ತು ಅಂತ ಹೇಳಿಬಿಡ್ತೀನಿ. ಅಪ್ಪನದು ಮಂಡಕ್ಕಿ ವ್ಯಾಪಾರ. ಭಟ್ಟಿಯಿಂದ ಚೀಲ ಎತ್ತಿ, ಹರಿಹರ, ಕೊಂಡಜ್ಜಿ, ಆನಗೋಡು ಕಡೆಯ ಅಂಗಡಿಗಳಿಗೆ ಕಾರಲ್ಲೇ ಹಾಕಿ ಬರ್ತಾನೆ. ಚೀಲ ಹಿಂದಿನ ಸೀಟಲ್ಲಿ ಕೂತಿರ್ತಾವೆ, ನಾನು ಅವುಗಳ ನಡುವೆ ಎಲ್ಲೋ ಇರ್ತೀನಿ. ಹತ್ತನೇ ಕ್ಲಾಸಿನ ಗಣಿತ ನನ್ನ ಕೈ ಬಿಟ್ಟ ಮೇಲೆ ನಾನು ಶಾಲೆಯ ಕೈ ಬಿಟ್ಟೆ. ಆಮೇಲೆ ನನ್ನ ಮನಸ್ಸೆಲ್ಲ ಹರಿಹರದ ಒಂದು ಅಂಗಡಿ ಮೇಲೆ. ಅಲ್ಲಿ ಒಬ್ಬ ಭಾಯಿ ಕಾರುಗಳಿಗೆ ಸೌಂಡ್ ಕೂರಿಸ್ತಾರೆ. ಅವರು ಬಾಗಿಲು ಮುಚ್ಚಿ ಹಾಡು ಹಚ್ಚಿದರೆ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಜಾಗ ಬದಲಾಯಿಸುತ್ತೆ. ನನ್ನನ್ನ ಕೆಲಸಕ್ಕೆ ಇಟ್ಕೊಳ್ರಿ ಅಂತ ಬೆನ್ನು ಬಿದ್ದೆ. ಕೊನೆಗೆ ಭಾಯಿ, ಯಾರದೋ ಕಾರಿಂದ ಬಿಚ್ಚಿದ ನಾಲ್ಕು ಹಳೇ ಸ್ಪೀಕರು, ಹಾಡು ಹಚ್ಚೋ ಒಂದು ಹಳೇ ಸೆಟ್ಟು ಚೀಲಕ್ಕೆ ತುಂಬಿ ಕೊಟ್ಟರು. ನಿಮ್ಮ ಕಾರಿಗೆ ನೀನೇ ಹಾಕ್ಕೊಂಡು ಬಾ, ಗಾಜು ಏರಿಸಿ ಕೂತು ಪೂರ್ತಿ ಒಂದು ಹಾಡು ಕೇಳ್ತೀನಿ, ಮನಸ್ಸಿಗೆ ಬಂದರೆ ಮರುದಿನದಿಂದ ಬಾ ಅಂದರು.

ಅಪ್ಪನೂ ಒಂದು ಗೆರೆ ಎಳೆದ.

"ಶ್ರಾವಣ ಮುಗಿಯೋದ್ರೊಳಗೆ ಆ ಭಾಯಿ ಹೂಂ ಅಂದ್ರೆ ಹೋಗು, ನಾ ಬ್ಯಾಡ ಅನ್ನಲ್ಲ. ಇಲ್ಲಾಂದ್ರೆ ಗೋಡೌನಿನಾಗೆ ಕೂತು ಚೀಲದ ಬಾಯಿ ಹೊಲಿ. ಆಮ್ಯಾಲೆ ಸ್ಪೀಕರ್ ಅನ್ನೋ ಮಾತು ಎತ್ತಂಗಿಲ್ಲ."

ನಮ್ಮ ಗೋಡೌನಿನಲ್ಲಿ ಚೀಲ ಹೊಲಿಯಲು ಕೂತವರು ಎದ್ದಿದ್ದನ್ನ ನಾನು ನೋಡಿಲ್ಲ. ಈಗ ಇರೋರು ಸಣ್ಣ ಹುಡುಗ ಆಗಿದ್ದಾಗ ಒಂದು ವಾರಕ್ಕೆ ಅಂತ ಬಂದಿದ್ದರಂತೆ. ಅವರ ಬೆನ್ನು ನೋಡಿದೆ, ಸ್ಪೀಕರ್ ಚೀಲ ಹೆಗಲಿಗೆ ಹಾಕ್ಕೊಂಡೆ. ಏನೇ ಆಗಲಿ, ಈ ಕಾರು ಹಾಡಲೇಬೇಕು.

ಬಾಗಿಲ ಹೊಟ್ಟೆ

ಸ್ಪೀಕರ್ ಕೂರೋದು ಕಾರಿನ ಬಾಗಿಲೊಳಗೆ. ಅದಕ್ಕೆ ಮೊದಲು ಬಾಗಿಲಿನ ಒಳಗಡೆಯ ಹಲಗೆ ಬಿಚ್ಚಬೇಕು. ಮೊಬೈಲಿನ ವಿಡಿಯೊದಲ್ಲಿ ಒಬ್ಬ ಬಿಳೀ ಕೈಗವಸು ಹಾಕ್ಕೊಂಡು ಎರಡು ಬೆರಳಲ್ಲಿ ಎಳೆದ, ಹಲಗೆ ಹೋಳಿಗೆ ಎದ್ದ ಹಾಗೆ ಎದ್ದು ಬಂತು. ನಮ್ಮದು ಬರಲಿಲ್ಲ. ಒಂದು ಕಾಲನ್ನ ಬಾಗಿಲ ಚೌಕಟ್ಟಿಗೆ ಕೊಟ್ಟು, ಇದ್ದಬದ್ದ ಶಕ್ತಿ ಹಾಕಿ ಎಳೆದೆ. ಹಲಗೆ ಬಂತು, ಗಾಜು ಇಳಿಸುವ ಹಿಡಿಕೆ ಬಂತು, ಅವೆರಡನ್ನೂ ತಬ್ಬಿಕೊಂಡು ನಾನು ಬಟ್ಟೆ ಒಗೆಯುವ ಕಲ್ಲಿನ ತನಕ ಹೋದೆ. ಹಲಗೆ ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಗ್ಗರಣೆ ಸಾಸಿವೆ ಸಿಡಿದ ಹಾಗೆ ಸಿಡಿದು ಚರಂಡಿ ಸೇರಿದವು.

ಎದ್ದು ಬಂದು ಬಾಗಿಲ ಹೊಟ್ಟೆ ನೋಡಿದರೆ, ಒಳಗೆಲ್ಲ ಖಾಲಿ ತಂಬಾಕಿನ ಪೊಟ್ಟಣ. ಆ ಬಾಗಿಲ ಗಾಜು ಇಳಿಸಿದರೆ ಅರ್ಧಕ್ಕೆ ನಿಂತುಬಿಡೋದಕ್ಕೆ ಅಪ್ಪ ಮೆಕ್ಯಾನಿಕ್‌ನನ್ನ ಬೈಯುತ್ತಿದ್ದ. ಈಗ ಗೊತ್ತಾಯ್ತು, ಗಾಜಿಗೆ ಇಳಿಯೋಕೆ ಜಾಗವೇ ಇರಲಿಲ್ಲ.

ನಮ್ಮ ಅಜ್ಜ ಮಠಕ್ಕೆ ಹೋಗಿ, ಇನ್ನು ತಂಬಾಕು ಮುಟ್ಟಲ್ಲ ಅಂತ ಸ್ವಾಮಿಗಳ ಮುಂದೆ ಕೈಮುಗಿದು ಬಂದವನು. ಆ ಖುಷಿಗೆ ಅವ್ವ ಓಣಿಗೆಲ್ಲ ಬಾಳೆಹಣ್ಣು ಹಂಚಿದ್ದಳು. ಅಂಥ ಅಜ್ಜ ದಿನಾ ಬೆಳಗ್ಗೆ ಪೇಪರ್ ಹಿಡ್ಕೊಂಡು ನಿಂತ ಕಾರೊಳಗೆ ಹೋಗಿ ಕೂತು, ಬಾಗಿಲು ಹಾಕ್ಕೊಂಡು ಓದುತ್ತಿದ್ದ. ಮನೆಯಲ್ಲಿ ಗದ್ದಲ, ಪಾಪ, ಅಂತ ನಾವು ತಿಳ್ಕೊಂಡಿದ್ವಿ. ಗಾಜಿನ ಸಂದಿಯ ರಬ್ಬರು ಹರಿದಿತ್ತು. ಪೊಟ್ಟಣ ಮಡಚಿ ಅಲ್ಲಿಂದ ಒಳಗೆ ಬಿಟ್ಟರೆ ಯಾವ ಸೊಸೆಗೂ ಸಿಗಲ್ಲ.

ಅಷ್ಟರಲ್ಲಿ ಅಜ್ಜನೇ ಬಂದ. ಬಾಗಿಲು ನೋಡಿದ, ನನ್ನನ್ನ ನೋಡಿದ. ಒಳಗಿಂದ ಅವ್ವ, ಏನೋ ಸದ್ದಾತಲ್ಲ, ಏನು ಸಿಕ್ತು ಅಂತ ಕೂಗಿದಳು. ಹಳೇ ವೈರು ಅವ್ವಾ, ಬರೀ ಹಳೇ ವೈರು ಅಂದೆ. ಅಜ್ಜ ಉಸಿರು ಬಿಟ್ಟು ನನ್ನ ತಲೆ ಸವರಿದ. ಅವತ್ತಿಂದ ಮನೆಯಲ್ಲಿ ನನ್ನ ಕಡೆಗೆ ಒಂದು ಮತ ಗಟ್ಟಿ ಆಯ್ತು.

ಆ ಕಡೆ ಬಾಗಿಲೂ ಬಿಚ್ಚಬಹುದಾ ಅಂತ ಸುಮ್ಮನೆ ಕೇಳಿದೆ. ಅಜ್ಜ ಅಡುಗೆಮನೆ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದ:

"ಬಿಚ್ಚು. ಆದ್ರೆ ನಿಮ್ಮವ್ವ ಸಂತಿಗೆ ಹೋದಾಗ ಬಿಚ್ಚು."

ಗೆಜ್ಜೆ

ಅಜ್ಜ ಮೊದಲು ಆನಗೋಡಿನ ಹತ್ತಿರ ಹೊಲ ಮಾಡಿಸುತ್ತಿದ್ದಾಗ ಮನೆಯಲ್ಲಿ ಎತ್ತು ಇದ್ದವು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡೋದಿಲ್ಲ, ಅದು ಬಸವಣ್ಣನ ದಿನ. ಎತ್ತು ಹೋದವು, ಪೇಟೆಗೆ ಬಂದ್ವಿ, ಕಾರು ಬಂತು. ಅಜ್ಜ ಆ ರಜೆಯನ್ನ ಎತ್ತಿ ಕಾರಿಗೆ ಕೊಟ್ಟ. ಎಂಜಿನ್ ಇದ್ದರೇನು, ಮನೆಗೆ ದುಡಿಯೋದು ದುಡಿಯೋದೇ, ವಾರಕ್ಕೊಂದು ದಿನ ಅದಕ್ಕೂ ಬ್ಯಾಡೇನು ಅಂತ ಅವನ ವಾದ. ಹಂಗಾಗಿ ಸೋಮವಾರ ಕಾರು ಅಂಗಳದಲ್ಲಿ ಮಲಗಿರುತ್ತೆ, ಅಪ್ಪ ಗೊಣಗುತ್ತಾ ಲಗೇಜ್ ಆಟೊದಲ್ಲಿ ಚೀಲ ಸಾಗಿಸ್ತಾನೆ.

ನನಗೆ ಕಾರು ಇಡೀ ದಿನ ಸಿಗೋದೇ ಸೋಮವಾರ. ಶ್ರಾವಣ ಬೇರೆ ಹತ್ತಿರ ಬಂತು. ಸ್ಪ್ಯಾನರ್ ಹಿಡ್ಕೊಂಡು ಹೋದರೆ ಅಜ್ಜ ಕಾರಿನ ಮುಂದೆ ಕಟ್ಟಿಗೆ ಕುರ್ಚಿ ಹಾಕ್ಕೊಂಡು ಕೂತಿದ್ದಾನೆ. ಶ್ರಾವಣ ಸೋಮವಾರ ಬಂದ್ರೆ ಇದನ್ನ ಮುಟ್ಟಾಕೂ ಬಿಡಲ್ಲ, ಈಗಲೂ ಬ್ಯಾಡ ಅಂದ.

ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸೋಮವಾರ ಎತ್ತಿಗೆ ಮೈ ತೊಳೀಬಹುದಾ ಅಂತ ಕೇಳಿದೆ. ತೊಳೀಬಹುದು ಅಂದ. ಕೊಂಬಿಗೆ ಬಣ್ಣ ಹಚ್ಚಬಹುದಾ. ಹಚ್ಚಬಹುದು ಅಂದ. ಕೊರಳಿಗೆ ಗೆಜ್ಜೆ ಕಟ್ಟಬಹುದಾ. ಅದು ಕಟ್ಟಾಕೆ ಒಳ್ಳೇ ದಿನಾನೇ ಅಂದ.

"ಮತ್ತೆ ಇದು ಗೆಜ್ಜೆ ಅಜ್ಜಾ," ಅಂತ ಸ್ಪೀಕರ್ ಎತ್ತಿ ತೋರಿಸಿದೆ.

ಅಜ್ಜ ಬಹಳ ಹೊತ್ತು ಅದನ್ನ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕುರ್ಚಿ ಪಕ್ಕಕ್ಕೆ ಸರಿಸಿದ. ನಾನು ಗೆದ್ದೆ ಅಂದ್ಕೊಂಡೆ. ಆದರೆ ಗೆಜ್ಜೆ ಅಂದ ಮೇಲೆ ಪೂಜೆ ಮಾಡದೆ ಕಟ್ಟೋದು ಹೆಂಗೆ. ನಾನು ಬಾಗಿಲಿಗೆ ತೂತು ಅಳತೆ ಮಾಡುತ್ತಿರುವಾಗ, ಅಜ್ಜ ವಿಭೂತಿ ಗಟ್ಟಿಯನ್ನ ನೀರಲ್ಲಿ ತೇಯ್ದು, ಮೊದಲನೇ ಸ್ಪೀಕರ್ ಮೇಲೆ ಮೂರು ಬೆರಳು ಊರಿ, ತನ್ನ ಹಣೆಗೆ ಎಳೆದುಕೊಳ್ಳುವಷ್ಟೇ ಭಕ್ತಿಯಿಂದ ಎಳೆದ. ಸ್ಪೀಕರಿನ ಮುಖ ಕಾಗದದ್ದು. ಹಪ್ಪಳದ ಮೇಲೆ ಹೆಬ್ಬೆಟ್ಟು ಇಟ್ಟ ಹಾಗೆ ಒಳಗೆ ಹೋಯ್ತು.

ಉಳಿದ ಮೂರನ್ನ ಹೊಟ್ಟೆ ಕೆಳಗೆ ಹಾಕ್ಕೊಂಡು ಕಾಪಾಡಿದೆ, ಅವಕ್ಕೆ ಅಂಚಿನ ಕಬ್ಬಿಣಕ್ಕಷ್ಟೇ ವಿಭೂತಿ. ಅಜ್ಜನ ಕೈಯಿಂದ ಪೂರ್ತಿ ಪೂಜೆ ಆದದ್ದನ್ನ ಒಣಗಿಸಿ, ಹಿಂದಿನಿಂದ ಊದಿ, ಎಡಗಡೆ ಮುಂದಿನ ಬಾಗಿಲಿಗೆ ಹಾಕಿದೆ. ಅದು ಇವತ್ತಿಗೂ ಹಾಡು ಶುರು ಮಾಡುವ ಮುಂಚೆ ಅಜ್ಜನ ಹಾಗೆ ಒಂದು ಸಲ ಕೆಮ್ಮುತ್ತೆ.

ಇನ್ನೊಂದು ಚರಣ

ಸ್ಪೀಕರ್ ಕೂತವು. ಇನ್ನು ಸೆಟ್ಟಿಗೆ ಕರೆಂಟು ಕೊಡಬೇಕು. ವಿಡಿಯೊದವನು ಕೆಂಪು ವೈರು ಹಿಡಿ, ಹಳದಿ ವೈರು ಹಿಡಿ ಅಂತಾನೆ. ನಮ್ಮ ಕಾರಲ್ಲಿ ಮಂಡಕ್ಕಿ ಧೂಳು ಕೂತು ಕೂತು ಎಲ್ಲ ವೈರೂ ಒಂದೇ ಬಣ್ಣಕ್ಕೆ ಬಂದಿದ್ದವು. ಸಣ್ಣ ಬಲ್ಬು ತಗೊಂಡು ಒಂದೊಂದಕ್ಕೇ ಮುಟ್ಟಿಸುತ್ತಾ ಹೋದೆ. ಅಜ್ಜ ಡ್ರೈವರ್ ಸೀಟಲ್ಲಿ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದ. ಒಂದು ವೈರಿಗೆ ಮುಟ್ಟಿಸಿದಾಗ ಬಲ್ಬು ಫಳ್ ಅಂತ ಹತ್ತಿತು. ಇದೇ ಇದೇ ಅಂತ ಸೆಟ್ಟನ್ನ ಅದಕ್ಕೇ ಗಂಟು ಹಾಕಿದೆ. ಹಾಡು ಬಂತು. ನಾನು ಅಂಗಳದಲ್ಲಿ ಕುಣಿದೆ. ಅಜ್ಜ ಕೆಳಗಿಳಿದ. ಹಾಡು ನಿಂತಿತು. ಸಾಕು ಅಂತ ಅಜ್ಜನೇ ಬಂದ್ ಮಾಡಿರಬೇಕು ಅಂದ್ಕೊಂಡು ಸುಮ್ಮನಾದೆ.

ಮರುದಿನ ಅಪ್ಪನ ಜೊತೆ ಹರಿಹರಕ್ಕೆ ಹೊರಟೆ. ಓಣಿ ತಿರುವಿನಲ್ಲಿ ಹಾಡು ಬಂತು, ಹೋಯ್ತು. ಸರ್ಕಲ್ಲಿನಲ್ಲಿ ಬಂತು, ಹೋಯ್ತು. ಎಮ್ಮೆ ಅಡ್ಡ ಬಂದಾಗ ಅರ್ಧ ಸಾಲು ಬಂತು. ಇದೇನಲೇ, ಬಿಕ್ಕಳಿಕೆ ಹಾಡು ಹಾಕೀಯಾ ಅಂತ ಅಪ್ಪ ಕೇಳಿದ. ನನಗೆ ಆಗ ಹೊಳೀತು. ನಾನು ಗಂಟು ಹಾಕಿದ್ದು ಬ್ರೇಕ್ ದೀಪದ ವೈರು. ಬಲ್ಬು ಹತ್ತಿದ್ದು ಅಜ್ಜನ ಕಾಲು ಬ್ರೇಕಿನ ಮೇಲೆ ಇದ್ದದ್ದಕ್ಕೆ. ಬ್ರೇಕ್ ಒತ್ತಿದರೆ ಹಾಡು, ಬಿಟ್ಟರೆ ಮೌನ.

ಇದನ್ನ ಅಪ್ಪನಿಗೆ ಹೇಳಿದರೆ ಅವತ್ತೇ ಗೋಡೌನು. ಬಾಯಿ ಮುಚ್ಕೊಂಡು ಕೂತೆ. ಮುಂದೆ ರೈಲ್ವೆ ಗೇಟು ಹಾಕಿತ್ತು. ಅಪ್ಪ ಬ್ರೇಕ್ ಒತ್ತಿ ನಿಂತ. ಸ್ಪೀಕರ್ ಒಂದು ಸಲ ಕೆಮ್ಮಿ ಹಾಡು ಶುರು ಮಾಡಿತು. ಹಳೇ ಕಾಲದ್ದು, ನಿಧಾನದ್ದು. ಅಪ್ಪ ಮೊದಲು ಮುಖ ಗಂಟು ಹಾಕ್ಕೊಂಡಿದ್ದ. ಪಲ್ಲವಿ ಮುಗಿಯೋ ಹೊತ್ತಿಗೆ ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿತ್ತು. ಮದುವೆಗೆ ಮುಂಚೆ ಅಪ್ಪ ಹಾಡುತ್ತಿದ್ದ ಅಂತ ಅವ್ವ ಹೇಳಿದ್ದು ನಾನು ನಂಬಿರಲಿಲ್ಲ. ಅಲ್ಲಿ ಕಣ್ಣು ಮುಚ್ಚಿ ತಲೆ ಆಡಿಸೋದು ನೋಡಿ ನಂಬಿದೆ.

ರೈಲು ಹೋಯ್ತು. ಗೇಟು ಎದ್ದಿತು. ಮುಂದಿನ ಗಾಡಿಗಳೆಲ್ಲ ಹೋದವು. ಅಪ್ಪನಿಗೂ ಅಷ್ಟರಲ್ಲಿ ಗುಟ್ಟು ಗೊತ್ತಾಗಿಬಿಟ್ಟಿತ್ತು ಅನ್ನಿಸುತ್ತೆ, ಯಾಕಂದ್ರೆ ಕಾಲು ಎತ್ತಲೇ ಇಲ್ಲ. ಹಿಂದಿನವರ ಹಾರ್ನು ಊರಿಗೇ ಕೇಳುತ್ತಿತ್ತು. ಒಬ್ಬರು ಬೈಕಿಂದ ಇಳಿದು ಬಂದು ಗಾಜು ಬಡಿದರು. ಅಪ್ಪ ಗಾಜು ಇಳಿಸಿ, ಬಹಳ ಮರ್ಯಾದೆಯಿಂದ ಹೇಳಿದ:

"ಇನ್ನೊಂದು ಚರಣ ಐತ್ರಿ, ತಡೀರಿ."

ಕಾರು ಬಾಯಿಬಿಟ್ಟಿತು

ವೈರು ಸರಿ ಮಾಡಿದೆ. ಸೆಟ್ಟಿಗೆ ಮೊಬೈಲ್ ಜೋಡಿಸುವ ಸೌಕರ್ಯ ಇತ್ತು. ಮೊಬೈಲಿನಲ್ಲಿ ನಾನು ಮಾತಾಡಿದರೆ ಆ ಮಾತು ಕಾರಿನ ಸ್ಪೀಕರಲ್ಲಿ ಬರುತ್ತೆ ಅಂತ ಗೊತ್ತಾದ ಮೇಲೆ, ಕೈ ಕಟ್ಟಿ ಕೂರೋಕೆ ನಾನೇನು ಕಲ್ಲೇ.

ಅವತ್ತು ಶ್ರಾವಣದ ಮೊದಲ ಸೋಮವಾರ. ಅಜ್ಜ ಬಕೆಟ್ ನೀರು, ಹೂವು ಹಿಡ್ಕೊಂಡು ಕಾರಿನ ಮೈ ತೊಳೆಯೋಕೆ ಬಂದ. ನಾನು ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಹಿಂದೆ ಅಡಗಿ, ಗಂಟಲು ದಪ್ಪ ಮಾಡ್ಕೊಂಡು ಮೊಬೈಲಿಗೆ ಹೇಳಿದೆ: "ಯಜಮಾನಾ, ದುಡಿದು ದುಡಿದು ಬೆನ್ನು ನೋಯ್ತೈತೆ. ನಿನ್ನ ಮೊಮ್ಮಗನಿಗೆ ಬೈಬ್ಯಾಡ. ಅವನೊಬ್ಬನೇ ನನ್ನ ಕಷ್ಟ ತಿಳಿದೋನು. ಅವನಿಗೆ ಮಸಾಲೆ ದೋಸೆ ಕೊಡಿಸು."

ಅಜ್ಜ ಬೆಚ್ಚಿ ಬೀಳ್ತಾನೆ, ಕೈಮುಗೀತಾನೆ ಅಂತ ಕಾದೆ. ಅಜ್ಜ ಬಕೆಟ್ ಕೆಳಗಿಟ್ಟ. ಬಾನೆಟ್ ಮೇಲೆ ಕೈಯಿಟ್ಟು ಸವರಿದ. ಒಳ್ಳೇ ಸಮಾಧಾನದಿಂದ ಮಾತಾಡಿದ.

"ಮಾತಾಡೋ ಎತ್ತು ನಾ ಈ ಜನ್ಮದಾಗೆ ಕಂಡಿಲ್ಲಪ್ಪ. ಟ್ಯಾಂಕಿನ ಹಿಂದಿರೋ ಕತ್ತೆ ಕಂಡೀನಿ. ಇಳಿದು ಬಾ, ಮೈ ನೀನೇ ತೊಳಿ."

ಹರಿಹರದ ಪರೀಕ್ಷೆ

ನಾಲ್ಕೂ ಸ್ಪೀಕರ್ ಹಾಡುತ್ತಿದ್ದವು, ಆದರೆ ಜೊತೆಗೆ ಬಾಗಿಲುಗಳೂ ಹಾಡುತ್ತಿದ್ದವು. ಸೌಂಡ್ ಸ್ವಲ್ಪ ಏರಿಸಿದರೆ ತಗಡು ಗರಗರ ಅನ್ನೋದು. ಭಾಯಿಗೆ ಫೋನು ಹಚ್ಚಿ ಕೇಳಿದೆ. ಬಾಗಿಲ ಹೊಟ್ಟೆ ಖಾಲಿ ಇದ್ರೆ ಹಂಗೇ, ತಗಡು ಅಲುಗದಂಗೆ ಏನಾದ್ರೂ ಮಾಡಬೇಕು, ಏನು ಅಂತ ನೀನೇ ತಲೆ ಓಡಿಸು, ಅದೂ ಪರೀಕ್ಷೆನೇ ಅಂದರು. ವಿಡಿಯೊದವನು ಒಳಗಡೆ ಅಂಟಿನ ಕಪ್ಪು ಹಾಳೆ ಅಂಟಿಸುತ್ತಿದ್ದ. ನಮ್ಮ ಮನೆಯಲ್ಲಿ ಯಾವುದಾದರೂ ವಸ್ತು ಅಲುಗಬಾರದು ಅಂದ್ರೆ ನಾವು ಮಾಡೋದು ಒಂದೇ. ಅಕ್ಕ ಗಂಡನ ಮನೆಗೆ ಹೋಗುವಾಗ ಗಾಜಿನ ಲೋಟ, ಪಿಂಗಾಣಿ ಭರಣಿ ಎಲ್ಲ ಮಂಡಕ್ಕಿ ಚೀಲದಲ್ಲಿ ಹುಗಿದು ಕಳಿಸಿದ್ವಿ. ಒಂದೂ ಒಡೆದಿರಲಿಲ್ಲ. ಮಂಡಕ್ಕಿ ಇದ್ದ ಕಡೆ ಏನೂ ಅಲುಗಲ್ಲ.

ನಾಲ್ಕೂ ಬಾಗಿಲಿಗೆ ಗಾಜಿನ ಸಂದಿವರೆಗೂ ಮಂಡಕ್ಕಿ ತುಂಬಿ, ಹಲಗೆ ಬಿಗಿದೆ. ಮೆಲ್ಲಗೆ ಹಾಡು ಹಚ್ಚಿ ನೋಡಿದೆ. ಗರಗರ ಹೋಗಿತ್ತು. ಹಾಡು ಕಂಬಳಿ ಹೊದ್ದು ಬಂದ ಹಾಗೆ ಮೆತ್ತಗೆ ಬಂತು. ಆಗಲೇ ಮನಸ್ಸಲ್ಲಿ ಭಾಯಿ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಶ್ರಾವಣದ ಕೊನೇ ವಾರ. ಚೀಲ ಹೇರಿಕೊಂಡು ಅಪ್ಪ, ನಾನು ಹರಿಹರಕ್ಕೆ ಹೋದ್ವಿ. ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಭಾಯಿ ಕೈ ಒರೆಸ್ಕೊಂಡು ಬಂದು ಡ್ರೈವರ್ ಸೀಟಲ್ಲಿ ಕೂತರು. ಬರ್ರಿ, ಮಗನ ಕೆಲಸ ನೀವೂ ಕೇಳ್ರಿ ಅಂತ ಅಪ್ಪನನ್ನೂ ಪಕ್ಕದಲ್ಲಿ ಕೂರಿಸ್ಕೊಂಡರು. ಬಾಗಿಲು ಹಾಕಿ, ಗಾಜು ಏರಿಸಿದರು. ನಾನು ಹೊರಗೆ ಮೊಬೈಲ್ ಹಿಡಿದು ನಿಂತೆ. ಪೂರ್ತಿ ಸೌಂಡ್ ಕೊಡು ಅಂತ ಭಾಯಿ ಒಳಗಿಂದ ಹೆಬ್ಬೆರಳು ತೋರಿಸಿದರು.

ಕೊಟ್ಟೆ.

ಸ್ಪೀಕರ್ ಹಾಡುವಾಗ ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೂ ಗಾಳಿ ತಳ್ಳುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಮೊದಲು ಗಾಜಿನ ಸಂದಿಯಿಂದ ಒಂದೆರಡು ಕಾಳು ಇಣುಕಿದವು. ಆಮೇಲೆ ಭಟ್ಟಿಯ ಕಾದ ಮರಳಲ್ಲಿ ಅಕ್ಕಿ ಬಿದ್ದಾಗ ಹೆಂಗೋ ಹಂಗೆ ಒಂದೇ ಸಮ ಹಾರೋಕೆ ಶುರು. ಡೋಲಿನ ಒಂದೊಂದು ಪೆಟ್ಟಿಗೂ ನಾಲ್ಕು ಬಾಗಿಲಿಂದ ನಾಲ್ಕು ಬೊಗಸೆ. ಭಾಯಿ, ಅಪ್ಪ ಇಬ್ಬರೂ ಅಕ್ಕಪಕ್ಕ ನೆಟ್ಟಗೆ ಕೂತಿದ್ದಾರೆ, ಮೇಲಿಂದ ಬೆಳ್ಳಗೆ ಸುರೀತಾ ಐತೆ. ನೋಡಿದವರಿಗೆ ಗಂಡು ಹೆಣ್ಣಿಗೆ ಅಕ್ಷತೆ ಹಾಕಿದ ಹಾಗೆ ಕಾಣಬೇಕು. ಅಂಗಡಿ ಮುಂದೆ ಜನ ಸೇರಿದರು. ಒಬ್ಬರು ಚಪ್ಪಾಳೆ ಹೊಡೆದರು.

ನಿಲ್ಲಿಸೋಣ ಅಂತ ಮೊಬೈಲ್ ಒತ್ತಿದರೆ ಮೊಬೈಲ್ ಹ್ಯಾಂಗ್ ಆಗಿ ಕೂತಿತ್ತು. ಬಾಗಿಲು ತೆಗೆಯೋಣ ಅಂದ್ರೆ ಲಾಕಿನ ಸರಳಿಗೆ ಮಂಡಕ್ಕಿ ಸಿಕ್ಕಿಕೊಂಡು ಹೊರಗಿಂದಲೂ ಬರಲಿಲ್ಲ, ಒಳಗಿಂದಲೂ ಬರಲಿಲ್ಲ. ಹಿಡಿಕೆ ಹಿಡಿದು ಜಗ್ಗುತ್ತಾ, ಇಷ್ಟು ದಿನದ ಕೆಲಸ, ಭಾಯಿ ಸ್ಟೂಲು ಎಲ್ಲಾ ಹೊಳೆಗೆ ಹೋಯ್ತು ಅಂದ್ಕೊಂಡೆ. ಹಾಡು ಮುಗಿಯೋ ತನಕ ಇಬ್ಬರೂ ಕೂರಲೇಬೇಕು. ಎರಡನೇ ಚರಣದ ಹೊತ್ತಿಗೆ ಭಾಯಿ ಮಡಿಲಿಂದ ಒಂದು ಹಿಡಿ ತಗೊಂಡು ಬಾಯಿಗೆ ಹಾಕ್ಕೊಂಡರು. ಅಗಿದರು. ಅಪ್ಪ ಅದನ್ನ ನೋಡಿದ. ಎಲ್ಲೇ ಇದ್ದರೂ ಅಪ್ಪ ವ್ಯಾಪಾರಿ. ಭಾಯಿ ಕಿವಿ ಹತ್ತಿರ ಬಾಗಿ, ಹಾಡಿಗಿಂತ ಜೋರಾಗಿ ಕೂಗಿದ, ನನಗೆ ಗಾಜಿನ ಆಚೆಗೂ ಕೇಳಿತು: "ಇದು ನಮ್ಮ ಒಂದನೇ ನಂಬರ್ ಮಾಲು. ಗರಿ ನೋಡ್ರಿ ಹೆಂಗೈತೆ."

ಹಾಡು ಮುಗೀತು. ಭಾಯಿಯ ಕೆಲಸದವರು ಕಂಬಿ ಹಾಕಿ ಬಾಗಿಲು ಬಿಡಿಸಿದರು. ಭಾಯಿ ಇಳಿದು, ಟೋಪಿ ತೆಗೆದು ಒದರಿದರು. ಗಡ್ಡ ಒದರಿದರು. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದರು:

"ಒಂದು ಚೀಲ ಮಂಡಕ್ಕಿ ಇಳಿಸ್ರಿ. ಜೊತೆಗೆ ಈ ಹುಡುಗನ್ನೂ ಇಳಿಸಿ ಹೋಗ್ರಿ."

ಇಲ್ಲಿಗೆ ನಿಲ್ಲಿಸಿದ್ರೆ ಚಂದ ಇತ್ತು. ಆದರೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋ ಮುಖ ನನ್ನದಲ್ಲ, ಒಳಗೊಳಗೇ ನಗು ಬಂದುಬಿಡುತ್ತೆ. ಚೀಲ ಇಳಿಸಿದ್ದು ನಿಜ. ಹುಡುಗನ್ನ ಇಳಿಸಿಕೊಂಡಿದ್ದು ಮಾತ್ರ ನಾನು ಕಟ್ಟಿದ್ದು. ಭಾಯಿ ನಿಜವಾಗಿ ಹೇಳಿದ್ದು, ವೈರಿಂಗ್ ಚೊಕ್ಕ ಐತೆ, ಬಾಗಿಲು ತೊಳಿ, ಇನ್ನೊಂದು ಸಲ ತಗೊಂಡು ಬಾ ಅಂತ. ಅದಾಗಿ ವಾರಕ್ಕೆ ಶ್ರಾವಣ ಮುಗೀತು, ಗೋಡೌನಿಗೆ ನಡಿ ಅಂತ ಅಪ್ಪ ಅಂದ. ಈಗ ಮುಗಿದಿದ್ದು ಅಧಿಕ ಶ್ರಾವಣ, ನಿಜ ಶ್ರಾವಣ ಇನ್ನು ಮುಂದೆ ಐತೆ ಅಂತ ನಾನು ಅಂದೆ. ಅಪ್ಪ ಪಂಚಾಂಗ ಹುಡುಕಿದ. ಅಜ್ಜ ಅದರ ಮೇಲೆ ಕೂತಿದ್ದಾನೆ, ಏಳಲ್ಲ ಅಂತಾನೆ. ಅದೂ ನಾನು ಕಟ್ಟಿದ್ದೇ, ಎರಡನೇ ಶ್ರಾವಣ ಯಾವುದೂ ಇಲ್ಲ. ಅಪ್ಪನಿಗೆ ಅದು ಗೊತ್ತಾಗೋದ್ರೊಳಗೆ ಬಾಗಿಲು ತೊಳೆದು ಭಾಯಿ ಹತ್ತಿರ ಹೋಗಬೇಕು. ಮೂರು ಬಾಗಿಲು ಆಗ್ಯಾವೆ, ಇನ್ನೊಂದು ಬಾಕಿ.